ಬೆಂಕಿ ತಡೆಯುವ, ಕಾಗದಪತ್ರ ಇಡುವ ಚೀಲ: ಹನ್ನೊಂದು ತಿಂಗಳು ಬಳಸಿದ ಮೇಲೆ

ಈ ಚೀಲ ಆರ್ಡರ್ ಮಾಡಿದ್ದು 2024ರ ನವೆಂಬರ್ 6ರ ಬೆಳಗ್ಗೆ. ನಮ್ಮ ಡಲ್ಲಾಸ್ ಗಡಿಯಾರದಲ್ಲಿ ಬೆಳಗಿನ ಜಾವ ನಾಲ್ಕೂವರೆ ದಾಟಿತ್ತು, ಟ್ರಂಪ್ ಗೆದ್ದರು ಅಂತ ಎಪಿ ಸುದ್ದಿ ಸಂಸ್ಥೆ ಖಚಿತವಾಗಿ ಹೇಳಿತು. ನಮ್ಮ ಮನೆಯವರು ರಾತ್ರಿ ಮಲಗಿರಲೇ ಇಲ್ಲ. ನಾನೆದ್ದು ಡಿಕಾಕ್ಷನ್‌ಗೆ ನೀರಿಟ್ಟೆ. ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: “ನಮ್ಮ ಐ-140 ಅಪ್ರೂವಲ್ ಕಾಗದ ಎಲ್ಲಿದೆ?”

ಐ-140 ಅಂದರೆ ನಮ್ಮ ಗ್ರೀನ್ ಕಾರ್ಡಿಗಾಗಿ ಅವರ ಕಂಪನಿ ಹಾಕಿದ ಅರ್ಜಿ. ಅದು ಒಪ್ಪಿಗೆಯಾದ ಕಾಗದ ಎಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ. ಹುಡುಕಲು ಒಂದು ಗಂಟೆ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಮಗನ ಲಸಿಕೆ ಕಾರ್ಡು, ಹಳೇ ಕರೆಂಟ್ ಬಿಲ್ಲು, ಫ್ರಿಜ್ಜಿನ ವಾರಂಟಿ ಎಲ್ಲಾ ತುರುಕಿದ್ದ ಒಂದು ಕವರಿನಲ್ಲಿ. ನಾವಿಬ್ಬರೂ ನೆಲದ ಮೇಲೆ ಕೂತುಬಿಟ್ಟೆವು. ಹನ್ನೊಂದು ವರ್ಷ ಈ ದೇಶದಲ್ಲಿ ಇರಲು ಬಿಟ್ಟ ಕಾಗದಗಳು ಮನೆಯ ನಾಲ್ಕು ಮೂಲೆಯಲ್ಲಿ ಚದುರಿದ್ದವು. ಅಲ್ಲೇ ಕೂತು ಫೋನಿನಲ್ಲಿ ಹುಡುಕಿ, ಬೆಂಕಿ ಮತ್ತು ನೀರು ತಡೆಯುವ, ಕಾಗದಪತ್ರ ಇಡುವ ಚೀಲ ಅಂತ ಇದ್ದದ್ದನ್ನು ಆರ್ಡರ್ ಮಾಡಿದೆ. 36 ಡಾಲರ್. ಎರಡು ದಿನಕ್ಕೆ ಬಂತು.

ಕಂಪನಿ ಹೆಸರು ಬರೆಯುತ್ತಿಲ್ಲ. ಹೆಚ್ಚುಕಮ್ಮಿ ಇದೇ ಚೀಲ ಹತ್ತಾರು ಹೆಸರಿನಲ್ಲಿ ಸಿಗುತ್ತದೆ. ಯಾವುದನ್ನು ತಗೊಂಡರೂ ನೋಡಬೇಕಾದದ್ದು ಏನು ಅನ್ನೋದನ್ನು ಬರೆಯುತ್ತೇನೆ. ನಮ್ಮ ಹಾಗೆ ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಗಂಡ-ಹೆಂಡತಿ, ಮಕ್ಕಳ ವೀಸಾ) ಮೇಲೆ ಇರುವವರಿಗೆ ಇದು ಬೇಕಾಗುತ್ತದೆ.

ಮೊದಲು ಚೀಲದ ಬಗ್ಗೆ. ಕಪ್ಪು ಬಣ್ಣ. ಹೊರಗಡೆ ಗಾಜಿನ ನಾರಿನ ಬಟ್ಟೆ, ಅದರ ಮೇಲೆ ಸಿಲಿಕೋನ್ ಲೇಪ. ಉದ್ದ 14 ಇಂಚು, ಅಗಲ 11 ಇಂಚು. ಒಳಗೆ ಹನ್ನೆರಡು ಖಾನೆ, ಒಂದೊಂದಕ್ಕೂ ಹೆಸರು ಬರೆದು ಸಿಕ್ಕಿಸಲು ಚಿಕ್ಕ ಪಟ್ಟಿ. ಮುಂದುಗಡೆ ಜಿಪ್ ಇರುವ ಜೇಬು, ಅದರಲ್ಲಿ ನಾಲ್ಕು ಪಾಸ್‌ಪೋರ್ಟ್ ಆರಾಮಾಗಿ ಕೂರುತ್ತವೆ. ಮೂರು ಅಂಕಿಯ ನಂಬರ್ ಬೀಗ. ಒಂದು ಹಿಡಿ, ಒಂದು ಹೆಗಲ ಪಟ್ಟಿ. ಎಲ್ಲಾ ತುಂಬಿದ ಮೇಲೆ ನಮ್ಮದು ಸುಮಾರು ಐದು ಕಿಲೋ ತೂಗುತ್ತದೆ.

ನೀರಿನ ಪರೀಕ್ಷೆ ನಾನೇ ಮಾಡಿದೆ. ಹಳೇ ನ್ಯೂಸ್‌ಪೇಪರ್ ತುಂಬಿ, ಜಿಪ್ ಪೂರ್ತಿ ಎಳೆದು, ಬಚ್ಚಲಲ್ಲಿ ಶವರ್ ಕೆಳಗೆ ಹತ್ತು ನಿಮಿಷ ಇಟ್ಟೆ. ಜಿಪ್ ಮುಗಿಯುವ ಮೂಲೆಯಲ್ಲಿ ಒಂದು ಅಂಗೈಯಷ್ಟು ಪೇಪರ್ ಒದ್ದೆಯಾಗಿತ್ತು. ಉಳಿದದ್ದು ಒಣಗಿಯೇ ಇತ್ತು. ಹಾಗಾಗಿ ಮಳೆಗೆ ಸರಿ, ಪೈಪ್ ಒಡೆದರೂ ಸರಿ. ನೀರಲ್ಲಿ ಮುಳುಗಿದರೆ ತಡೆಯಲ್ಲ. ಬೆಂಕಿಯಲ್ಲಿ ಇಟ್ಟು ನೋಡಿಲ್ಲ. ಚೀಟಿಯಲ್ಲಿ ಬರೆದ ಡಿಗ್ರಿ ಲೆಕ್ಕವನ್ನು ನಾನು ಇಲ್ಲಿ ಹೇಳಲ್ಲ, ಅದು ನನ್ನ ಅನುಭವ ಅಲ್ಲ. ಇಂಥ ಚೀಲ ಕಾಗದಕ್ಕೆ ಸ್ವಲ್ಪ ಸಮಯ ಕೊಡುತ್ತದೆ ಅಷ್ಟೆ. ಅದಕ್ಕೇ ಎಲ್ಲದರ ಸ್ಕ್ಯಾನ್ ಪ್ರತಿಯನ್ನೂ ಬೇರೆ ಇಟ್ಟಿದ್ದೇನೆ.

ಒಂದು ದೊಡ್ಡ ದೂರು ಇದೆ. ಇಲ್ಲಿಯ ಕಾಗದದ ಅಳತೆಯೇ ಬೇರೆ, ನಮ್ಮೂರಿನ ಕಾಗದದ ಅಳತೆಯೇ ಬೇರೆ. ಇಲ್ಲಿ ‘ಲೆಟರ್’ ಅಳತೆ, ಎತ್ತರ 11 ಇಂಚು. ನಮ್ಮ ಎ4 ಅದಕ್ಕಿಂತ ಮುಕ್ಕಾಲು ಇಂಚು ಉದ್ದ. ಖಾನೆಗಳನ್ನು ಲೆಟರ್ ಅಳತೆಗೆ ಹೊಲಿದಿದ್ದಾರೆ. ಹಾಗಾಗಿ ಭಾರತದಿಂದ ಬಂದ ಪ್ರತಿಯೊಂದು ಕಾಗದವೂ ಮೇಲೆ ತಲೆ ಎತ್ತಿ ನಿಲ್ಲುತ್ತದೆ. ಜಿಪ್ ಎಳೆಯುವಾಗ ಅಂಚು ಮಡಚುತ್ತದೆ. ಛಾಪಾ ಕಾಗದ ಇನ್ನೂ ಉದ್ದ, ಅದನ್ನು ಮಡಚದೆ ಹಾಕಲು ಸಾಧ್ಯವೇ ಇಲ್ಲ.

ಅದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಸಣ್ಣದಲ್ಲ. ನಾನು ಹುಟ್ಟಿದ್ದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮನೆಯಲ್ಲೇ, 1984ರಲ್ಲಿ. ಜನನ ನೋಂದಣಿ ಯಾರೂ ಮಾಡಿಸಿರಲಿಲ್ಲ. ಗ್ರೀನ್ ಕಾರ್ಡಿಗೆ ನನ್ನ ಜನನ ಪತ್ರ ಬೇಕು ಅಂದಾಗ, ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ ತಾಲ್ಲೂಕು ಆಫೀಸಿನಿಂದ ತಂದೆವು. ಅದರ ಜೊತೆಗೆ ನಾನು ಹುಟ್ಟಿದ್ದನ್ನು ಕಣ್ಣಾರೆ ಕಂಡವರ ಅಫಿಡವಿಟ್ ಬೇಕಿತ್ತು. ನಮ್ಮ ದೊಡ್ಡಮ್ಮ ಬಸ್ಸು ಹತ್ತಿ ಸಾಗರಕ್ಕೆ ಬಂದು, ನೋಟರಿ ಮುಂದೆ ಕೂತು, ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು. ‘ಈ ಮಗುವಿನ ಹೊಕ್ಕುಳ ಬಳ್ಳಿ ಕೊಯ್ಯುವಾಗ ನಾನು ಅಲ್ಲೇ ಇದ್ದೆ’ ಅಂತ ಅವರು ಹೇಳಿದ್ದನ್ನು ನೋಟರಿ ಬೇರೆ ಭಾಷೆಯಲ್ಲಿ, ಬೇರೆ ಮಾತಿನಲ್ಲಿ ಬರೆದುಕೊಂಡರು. ದೊಡ್ಡಮ್ಮ 2021ರಲ್ಲಿ ಹೋಗಿಬಿಟ್ಟರು. ಆ ಕಾಗದ ಹರಿದರೆ ಇನ್ನೊಂದು ಮಾಡಿಸಲು ಆಗಲ್ಲ. ಅದನ್ನು ಈ ಚೀಲದಲ್ಲಿ ಎರಡು ಮಡಿಕೆ ಮಾಡಿ ಇಡಬೇಕಾಯಿತು. ಮಡಿಕೆ ಸರಿಯಾಗಿ ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲೇ ಬಂದಿದೆ. ಚೀಲ ಮಾಡುವವರು ಎರಡಿಂಚು ಬಟ್ಟೆ ಜಾಸ್ತಿ ಕೊಟ್ಟಿದ್ದರೆ ಸಾಕಿತ್ತು.

ಕಾಗದ ಜೋಪಾನ ಮಾಡುವುದು ನಮ್ಮ ಮನೆಯಲ್ಲಿ ಹಳೇ ವಿಚಾರ. ಅಜ್ಜ ಗೇಣಿದಾರರು. ಕಾಗೋಡು ಗೇಣಿ ಹೋರಾಟ 1951ರಲ್ಲಿ ನಡೆದದ್ದು ನಮ್ಮ ತಾಲ್ಲೂಕಿನಲ್ಲೇ. ಆಮೇಲೆ 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಕಾನೂನು ಬಂದಾಗ, ಉಳುವವರು 7ನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿ ಮುಂದೆ ಡಿಕ್ಲರೇಷನ್ ಹಾಕಬೇಕಿತ್ತು. ನಾನೇ ಈ ಗದ್ದೆ ಉಳುತ್ತಿದ್ದೆ ಅಂತ ತೋರಿಸಬೇಕಿತ್ತು. ಅಜ್ಜನಿಗೆ ಓದಲು ಬರುತ್ತಿರಲಿಲ್ಲ. ಆದರೆ ಗೇಣಿ ಕೊಟ್ಟಾಗಲೆಲ್ಲಾ ಚೀಟಿ ಕೇಳಿ ಇಸಿದುಕೊಂಡು, ಕಬ್ಬಿಣದ ಟ್ರಂಕಿನಲ್ಲಿ ಹಾಕಿ ಇಟ್ಟಿದ್ದರು. ಅವೇ ಚೀಟಿಗಳು ಕೈ ಹಿಡಿದವು. ಎರಡು ಎಕರೆ ಚಿಲ್ಲರೆ ಗದ್ದೆ ಅಜ್ಜನ ಹೆಸರಿಗೆ ಆಯಿತು. ಆ ಗದ್ದೆಯ ಅಕ್ಕಿ ತಿಂದು ನಾನು ಬೆಳೆದಿದ್ದು. ಪಕ್ಕದ ಮನೆಯವರೂ ಅಷ್ಟೇ ವರ್ಷ ಉತ್ತಿದ್ದರು. ಅವರ ಹತ್ತಿರ ಚೀಟಿ ಇರಲಿಲ್ಲ. ಆ ಟ್ರಂಕು ಈಗಲೂ ಅಪ್ಪನ ಮಂಚದ ಕೆಳಗಿದೆ. ಮುಚ್ಚಳ ತೆಗೆದರೆ ನುಸಿಗುಳಿಗೆ ವಾಸನೆ ಬರುತ್ತದೆ.

ಚೀಲ ಬಂದ ದಿನ ನಾನು ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿದರು. “ಬೀಗ ಗಟ್ಟಿ ಇದ್ಯೇನೆ ಮಗಾ?” ಅಂದರು. ಚುನಾವಣೆ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಊರಲ್ಲಿ ಟಿವಿ ಅವರೂ ನೋಡಿದ್ದರು.

ಬೀಗ ಗಟ್ಟಿ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆರನೇ ತಿಂಗಳಿಗೆ ಮಧ್ಯದ ಅಂಕಿ ಜಾರತೊಡಗಿತು. ಮಕ್ಕಳ ಕೈಗೆ ಸಿಗದಿರಲಿ ಅನ್ನುವಷ್ಟಕ್ಕೆ ಸಾಕು, ಕಳ್ಳನಿಗೆ ತಡೆಯಲ್ಲ. ಒಳಗಡೆ ಹೊಲಿಗೆಯ ಅಂಚಿನಲ್ಲಿ ಲೇಪ ಎದ್ದರೆ ಗಾಜಿನ ನಾರು ಬೆರಳಿಗೆ ಚುಚ್ಚಿ ಕೆರೆತ ಬರುತ್ತದೆ. ನಾನು ಅಲ್ಲಿ ಬಟ್ಟೆಯ ಟೇಪು ಅಂಟಿಸಿದೆ. ಆಮೇಲೆ ತೊಂದರೆ ಇಲ್ಲ.

ಇನ್ನು ಯಾವ ಖಾನೆಗೆ ಏನು ಹಾಕಿದೆ ಅನ್ನೋದು. ಇದನ್ನು ಬರೆಯಲೇಬೇಕು, ಯಾಕಂದ್ರೆ ಆ ಪಟ್ಟಿಗಳಿಗೆ ಹೆಸರು ಬರೆಯುವಾಗಲೇ ನನ್ನ ಹೆದರಿಕೆ ಏನು ಅಂತ ನನಗೆ ಸ್ಪಷ್ಟವಾಗಿದ್ದು. ಅದಕ್ಕೆ ಮೊದಲು ಎಲ್ಲಾ ಕಲಸಿಹೋಗಿತ್ತು. ನವೆಂಬರ್ 6 ತಿಂಗಳ ಮೊದಲ ಬುಧವಾರ. ಡಲ್ಲಾಸ್‌ನಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಸುಂಟರಗಾಳಿ ಸೈರನ್ನಿನ ಪರೀಕ್ಷೆ ಇರುತ್ತದೆ. ಹನ್ನೊಂದು ವರ್ಷದಿಂದ ಕೇಳಿದ್ದೇನೆ. ಅವತ್ತು ಸೈರನ್ ಕೂಗಿದಾಗ ಕೆಲಸದ ಜಾಗದಲ್ಲಿ ನನ್ನ ಕೈ ನಡುಗಿತು.

ಮೊದಲ ಖಾನೆ ನಮ್ಮ ಮನೆಯವರದ್ದು. ಎಚ್-1ಬಿ ಅರ್ಜಿ ಒಪ್ಪಿದ ಐ-797 ಕಾಗದಗಳು 2013ರಿಂದ ಇಲ್ಲಿಯವರೆಗೆ, ವರ್ಷದ ಪ್ರಕಾರ. ಐ-140. ಆರು ತಿಂಗಳ ಪೇಸ್ಲಿಪ್. ಎಚ್-1ಬಿ ಸಾಮಾನ್ಯವಾಗಿ ಆರು ವರ್ಷಕ್ಕೆ ಮುಗಿಯುತ್ತದೆ. ಐ-140 ಅಪ್ರೂವ್ ಆಗಿ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿದ್ದರೆ ಮತ್ತೆ ಮತ್ತೆ ಮುಂದುವರಿಸಬಹುದು. ಅವರು ಆ ಬೆಳಗಿನ ಜಾವ ಮೊದಲು ಕೇಳಿದ್ದು ಅದಕ್ಕೇ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ, ಇಲ್ಲದಿದ್ದರೆ ಮನೆ ಮಾರಿ ಗಂಟು ಕಟ್ಟಬೇಕು. 2018ರ ಆಸುಪಾಸಿನಲ್ಲಿ, ಟ್ರಂಪ್ ಮೊದಲ ಸಲ ಅಧ್ಯಕ್ಷರಾಗಿದ್ದಾಗ, ಎಚ್-1ಬಿ ಅರ್ಜಿಗಳು ಎಷ್ಟು ಜಾಸ್ತಿ ತಿರಸ್ಕಾರ ಆಗುತ್ತಿದ್ದವು ಅಂತ ಇಲ್ಲಿ ಇದ್ದವರಿಗೆಲ್ಲಾ ನೆನಪಿದೆ. 2020ರ ಜೂನ್‌ನಲ್ಲಿ ಹೊಸ ಎಚ್-1ಬಿಯವರು ದೇಶದೊಳಗೆ ಬರುವುದನ್ನೇ ನಿಲ್ಲಿಸಿದ್ದರು, 2021ರ ಮಾರ್ಚ್‌ವರೆಗೆ. ನಮ್ಮ ಪರಿಚಯದ ಒಬ್ಬರು ತಾಯಿಯ ಕಾರ್ಯಕ್ಕೆ ಊರಿಗೆ ಹೋಗಿ ಒಂಬತ್ತು ತಿಂಗಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಹೆಂಡತಿ, ಮಗು ಇಲ್ಲಿ.

ಎರಡನೇ ಖಾನೆ ನನ್ನದು. ನಾನು ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎಚ್-4ನವರಲ್ಲಿ ಕೆಲವರಿಗೆ ಕೆಲಸ ಮಾಡುವ ಅನುಮತಿ ಸಿಕ್ಕಿದ್ದು 2015ರಿಂದ. 2017ರಲ್ಲಿ ಅದನ್ನು ರದ್ದು ಮಾಡುವ ಪ್ರಸ್ತಾಪ ಬಂತು. ರದ್ದಾಗಲಿಲ್ಲ, 2021ರಲ್ಲಿ ಪ್ರಸ್ತಾಪವನ್ನೇ ಹಿಂದಕ್ಕೆ ತಗೊಂಡರು. ಆದರೆ ಆ ನಾಲ್ಕು ವರ್ಷ ನಾನು ಒಂದು ಸೋಫಾ ಕೂಡ ತಗೊಳ್ಳಲಿಲ್ಲ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಿಕಾಂ ಮುಗಿಸಿ, ಶಿವಮೊಗ್ಗದಲ್ಲಿ ಐದು ವರ್ಷ ಕೆಲಸ ಮಾಡಿ, ಇಲ್ಲಿ ಬಂದು ನಾಲ್ಕು ವರ್ಷ ಮನೆಯಲ್ಲಿ ಕೂತವಳು ನಾನು. ಮೊದಲ ಸಂಬಳದ ಚೆಕ್ಕಿನ ನಕಲು ಇದೇ ಖಾನೆಯಲ್ಲಿದೆ. ಅದು ಯಾವ ಆಫೀಸಿನವರೂ ಕೇಳುವ ಕಾಗದ ಅಲ್ಲ. ಆದರೂ ಇಟ್ಟಿದ್ದೇನೆ.

ಮೂರನೇ ಖಾನೆ ಮಗನದ್ದು. ಅವನು 2018ರಲ್ಲಿ ಇಲ್ಲೇ ಹುಟ್ಟಿದ. ಜನನ ಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಪಾಸ್‌ಪೋರ್ಟು. ಮೂರೇ ಕಾಗದ. ಖಾನೆ ಹೆಚ್ಚುಕಮ್ಮಿ ಖಾಲಿ.

ನಾಲ್ಕನೇ ಖಾನೆ ಮಗಳದ್ದು. ಅವಳು ಹುಟ್ಟಿದ್ದು 2009ರ ಡಿಸೆಂಬರ್, ನನ್ನ ತವರಿನಲ್ಲಿ, ಶಿವಮೊಗ್ಗದ ಆಸ್ಪತ್ರೆಯಲ್ಲಿ. ಮೂರು ತುಂಬಿ ನಾಲ್ಕಕ್ಕೆ ಬಿದ್ದಾಗ ಇಲ್ಲಿಗೆ ಬಂದಳು. ಅವಳ ಖಾನೆ ಜಿಪ್ ಹಾಕಲು ಆಗದಷ್ಟು ತುಂಬಿದೆ.

ನನ್ನ ಹೆದರಿಕೆಯೆಲ್ಲಾ ಈ ನಾಲ್ಕನೇ ಖಾನೆಯಲ್ಲಿದೆ. ಎಚ್-4 ಮಗುವಿಗೆ 21 ತುಂಬಿದರೆ ತಂದೆಯ ವೀಸಾದ ನೆರಳು ಮುಗಿಯುತ್ತದೆ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಆಗಬೇಕು. ಆಗದಿದ್ದರೆ ಅವಳು ತನ್ನದೇ ಸ್ಟೂಡೆಂಟ್ ವೀಸಾ ತಗೊಳ್ಳಬೇಕು, ಇಲ್ಲವೇ ಹೊರಡಬೇಕು. ನಮ್ಮ ಅರ್ಜಿಯ ತಾರೀಕು 2017ರ ಫೆಬ್ರವರಿ. ಚುನಾವಣೆ ನಡೆದ ತಿಂಗಳು ಭಾರತದವರ ಇಬಿ-2 ಸಾಲು (ಹೆಚ್ಚು ಓದಿದವರ ಗ್ರೀನ್ ಕಾರ್ಡ್ ವರ್ಗ, ನಮ್ಮದೂ ಅದೇ) ಬಂದು ನಿಂತಿದ್ದು 2012ರ ಜುಲೈಗೆ. ಅಂದರೆ ಅದಕ್ಕಿಂತ ಮೊದಲು ಅರ್ಜಿ ಹಾಕಿದವರ ಸರದಿ ಮಾತ್ರ ಬಂದಿತ್ತು. ವರ್ಷಕ್ಕೆ ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1,40,000. ಯಾವುದೇ ಒಂದು ದೇಶಕ್ಕೆ ಅದರಲ್ಲಿ 7 ಶೇಕಡಾ ಮಿತಿ. ಸಾಲು ಕೆಲವು ತಿಂಗಳು ಮುಂದೆ ಹೋಗುತ್ತದೆ, ಕೆಲವು ತಿಂಗಳು ನಿಂತೇ ಇರುತ್ತದೆ, ಕೆಲವೊಮ್ಮೆ ಹಿಂದಕ್ಕೂ ಬರುತ್ತದೆ. ಮಗಳಿಗೆ 21 ತುಂಬುವುದು 2030ರ ಡಿಸೆಂಬರ್. ನಾನು ಎಷ್ಟು ರಾತ್ರಿ ಈ ಲೆಕ್ಕ ಹಾಕಿದ್ದೇನೋ. ಲೆಕ್ಕ ನನ್ನ ಕಸುಬು. ಇದೊಂದು ಲೆಕ್ಕ ಕೂಡಿಬರುತ್ತಿಲ್ಲ.

ಮತದಾನದ ಹಕ್ಕು ನಮಗಿಲ್ಲ. ಇರಬೇಕಿತ್ತು ಅಂತ ನಾನು ಕೇಳುತ್ತಿಲ್ಲ. ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳ ಮುಂದೆ ಗೆದ್ದವರ ಬೋರ್ಡು ಇತ್ತು. ಎದುರುಮನೆಯ ಅಜ್ಜನ ಮನೆ ಮುಂದೆಯೂ ಇತ್ತು. ಪ್ರತಿ ವರ್ಷ ತಮ್ಮ ಹಿತ್ತಲಿನ ಪೆಕಾನ್ ಮರದ ಕಾಯಿ ಒಂದು ಚೀಲ ತಂದುಕೊಡುವವರು ಅವರು. ಮಗ ಹುಟ್ಟಿದಾಗ ನಮ್ಮ ಹುಲ್ಲು ಎರಡು ತಿಂಗಳು ಅವರೇ ಕತ್ತರಿಸಿದ್ದರು. ಆ ವಾರ ಸಿಕ್ಕಾಗ, “ನೀವು ಸರಿಯಾದ ದಾರಿಯಲ್ಲಿ ಬಂದವರು, ನಿಮಗೇನೂ ಆಗಲ್ಲ, ಹೆದರಬೇಡಿ” ಅಂದರು. ಮನಸ್ಸಿನಿಂದ ಹೇಳಿದರು. ಸರಿಯಾದ ದಾರಿಯಲ್ಲಿ ಬಂದವರ ಸಾಲು ಎಷ್ಟು ಉದ್ದ ಇದೆ ಅಂತ ಅವರಿಗೆ ಗೊತ್ತಿಲ್ಲ. ನಾನು ಥ್ಯಾಂಕ್ಸ್ ಹೇಳಿ ಮನೆಗೆ ಬಂದೆ. ಮಾತಾಡಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

2025ರ ಜನವರಿ 20ರಂದು, ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ, ಇಲ್ಲಿ ಹುಟ್ಟಿದ ಮಕ್ಕಳ ಪೌರತ್ವದ ಆದೇಶ ಬಂತು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪೌರನೂ ಅಲ್ಲ, ಗ್ರೀನ್ ಕಾರ್ಡೂ ಇಲ್ಲ ಅಂದರೆ, 30 ದಿನ ಕಳೆದ ಮೇಲೆ ಹುಟ್ಟುವ ಮಗುವಿಗೆ ಪೌರತ್ವ ಇಲ್ಲ ಅಂತ. ಸಿಯಾಟಲ್‌ನ ನ್ಯಾಯಾಧೀಶರೊಬ್ಬರು ಮೂರೇ ದಿನಕ್ಕೆ ಅದನ್ನು ತಡೆದರು. 2025ರ ಅಕ್ಟೋಬರ್‌ನಲ್ಲೂ ಅದು ಕೋರ್ಟುಗಳಲ್ಲಿ ನಡೆಯುತ್ತಿತ್ತು. ನಮ್ಮ ಬಳಗದ ಒಬ್ಬ ಹುಡುಗಿಗೆ ಮಾರ್ಚ್‌ನಲ್ಲಿ ದಿನ ಕೊಟ್ಟಿದ್ದರು. ಮೊದಲ ಬಸಿರು. ಅವಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, “ಅಕ್ಕಾ, ಮಗು ಬೇಗ ಹುಟ್ಟಿಸಿ ಅಂತ ಡಾಕ್ಟರನ್ನ ಕೇಳಬಹುದಾ?” ಅಂದಳು. ನನಗೆ ಎದೆ ಹಿಂಡಿತು. ಬೇಡ ಕಣೇ, ಮಗು ತನ್ನ ಹೊತ್ತಿಗೆ ಬರಲಿ ಅಂದೆ. ಅವಳ ಸೀಮಂತಕ್ಕೆ ಹಸಿರು ಬಳೆ, ಸೀರೆ, ಐದು ಥರದ ಹಣ್ಣಿನ ಜೊತೆ ಇದೇ ಚೀಲವನ್ನೂ ಮಡಿಲಿಗೆ ಹಾಕಿದೆ. ಬಂದವರಲ್ಲಿ ಕೆಲವರಿಗೆ ವಿಚಿತ್ರ ಅನ್ನಿಸಿತು. ಅವಳಿಗೆ ಅರ್ಥವಾಯಿತು. ಹೆಣ್ಣುಮಗು. ಪಾಸ್‌ಪೋರ್ಟ್ ಬಂದ ದಿನ, ಚೀಲದ ಮುಂದಿನ ಜೇಬಿನಲ್ಲಿ ಅದನ್ನಿಟ್ಟು ಫೋಟೋ ಕಳಿಸಿದ್ದಳು.

ವಸಂತದಲ್ಲಿ ಒಂದು ರಾತ್ರಿ ಸೈರನ್ ನಿಜವಾಗಿ ಕೂಗಿತು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಾಲ್ಕೂ ಜನ ಕೂತೆವು. ಮಗಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನಾವು ಹೇಳಿರಲಿಲ್ಲ. ಹೆಗಲ ಪಟ್ಟಿಯ ಕೊಂಡಿ ಆಗಲೇ ಸ್ವಲ್ಪ ಬಾಗಿದ್ದು. ಹಿಡಿ ಮಾತ್ರ ಗಟ್ಟಿಯಾಗಿದೆ.

ಚೀಲಕ್ಕೆ ನಿಜವಾದ ಪರೀಕ್ಷೆ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಮಾವನವರು ತೀರಿಕೊಂಡು ಎರಡು ವರ್ಷ. ಈ ಸಲ ಪಿತೃಪಕ್ಷಕ್ಕೆ ಹೋಗಲೇಬೇಕು ಅಂತ ನಮ್ಮ ಮನೆಯವರು ಮೈಸೂರಿಗೆ ಹೋಗಿದ್ದರು. ವೀಸಾ ಸ್ಟಾಂಪ್ 2026ರವರೆಗೆ ಇತ್ತು, ಹಾಗಾಗಿ ಧೈರ್ಯ ಮಾಡಿದೆವು. ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21, ಭಾನುವಾರ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಪಿಂಡ ಇಡುವುದು ಅಂತ ನಿಶ್ಚಯವಾಗಿತ್ತು.

ಸೆಪ್ಟೆಂಬರ್ 19, ಶುಕ್ರವಾರ, ಎಚ್-1ಬಿಗೆ 1,00,000 ಡಾಲರ್ ಶುಲ್ಕ ಅಂತ ಟ್ರಂಪ್ ಸಹಿ ಹಾಕಿದರು. ಜಾರಿಗೆ ಬರುವುದು ಭಾನುವಾರ ನಸುಕಿನ 12 ಗಂಟೆ 1 ನಿಮಿಷಕ್ಕೆ, ಪೂರ್ವ ಅಮೆರಿಕದ ಸಮಯ. ಅಂದರೆ ಮೈಸೂರಿನಲ್ಲಿ ಭಾನುವಾರ ಬೆಳಗ್ಗೆ ಒಂಬತ್ತೂವರೆ. ಹೊಸಬರಿಗೆ ಮಾತ್ರವೋ, ಹೊರಗೆ ಹೋಗಿರುವ ಎಲ್ಲರಿಗೂನೋ, ಮೊದಲ ದಿನ ಯಾರಿಗೂ ಗೊತ್ತಾಗಲಿಲ್ಲ. ಕಂಪನಿಗಳು ಹೊರಗಿರುವವರು ತಕ್ಷಣ ಬನ್ನಿ ಅಂತ ಮೇಲ್ ಹಾಕಿದವು. ನಮ್ಮವರಿಗೂ ಬಂತು. ಅವರು ಎದ್ದು ನೋಡಿದಾಗ ಅಲ್ಲಿ ಶನಿವಾರ ಬೆಳಗ್ಗೆ. ನನಗೆ ಫೋನ್ ಬಂದಾಗ ಇಲ್ಲಿ ಶುಕ್ರವಾರ ರಾತ್ರಿ.

“ಐ-797 ಇತ್ತೀಚಿನದ್ದು, ಐ-140, ಮೂರು ಪೇಸ್ಲಿಪ್. ಈಗಲೇ ಬೇಕು” ಅಂದರು. ದನಿ ಒಣಗಿತ್ತು. ನಾನು ಚೀಲ ತೆಗೆದೆ, ಮೊದಲ ಖಾನೆಗೆ ಕೈ ಹಾಕಿದೆ. ನಾಲ್ಕು ನಿಮಿಷದಲ್ಲಿ ಎಲ್ಲದರ ಫೋಟೋ ಅವರ ಫೋನಿಗೆ ಹೋಗಿತ್ತು. ಹತ್ತು ತಿಂಗಳ ಹಿಂದೆ ಒಂದು ಗಂಟೆ ಹಿಡಿದಿದ್ದ ಕೆಲಸ. 36 ಡಾಲರ್ ಕೊಟ್ಟಿದ್ದು ಆ ನಾಲ್ಕು ನಿಮಿಷಕ್ಕೇ ಅನ್ನಿಸಿತು.

ಕಾಗದ ಸಿಕ್ಕಿತು, ವಿಮಾನ ಸಿಗಲಿಲ್ಲ. ಬೆಂಗಳೂರಿನಿಂದ ಹೊರಟು ಭಾನುವಾರ ಬೆಳಗ್ಗೆ ಒಂಬತ್ತೂವರೆಯೊಳಗೆ ಅಮೆರಿಕದಲ್ಲಿ ಇಳಿಯುವ ಟಿಕೆಟ್ ಒಂದೂ ಇರಲಿಲ್ಲ. ನೋಡನೋಡುತ್ತಿದ್ದ ಹಾಗೆ ದರ ಎರಡು ಪಟ್ಟು, ಮೂರು ಪಟ್ಟು ಆಗುತ್ತಿತ್ತು. ನಮ್ಮತ್ತೆ ಪಕ್ಕದಲ್ಲಿ ಕೂತು ಎಳ್ಳು ಆರಿಸುತ್ತಿದ್ದರಂತೆ. ಮಗನ ಮುಖ ನೋಡಿ, “ಹೋಗಪ್ಪಾ, ನಿಮ್ಮಪ್ಪ ಏನೂ ಅಂದುಕೊಳ್ಳಲ್ಲ” ಅಂದರಂತೆ. ಇವರಿಗೆ ಅಳು ತಡೆಯಲು ಆಗಲಿಲ್ಲ. ನನಗೆ ಮತ್ತೆ ಫೋನ್ ಮಾಡಿ, “ಹೇಗೂ ತಲುಪಲ್ಲ. ನಾನು ಅಪ್ಪನ ಕೆಲಸ ಮುಗಿಸಿಯೇ ಬರ್ತೀನಿ” ಅಂದರು. ಸರಿ ರೀ ಅಂದೆ. ಫೋನ್ ಇಟ್ಟ ಮೇಲೆ ಮಗಳ ಖಾನೆ ತೆಗೆದು, ಅವಳ ಕಾಗದಗಳನ್ನು ಒಂದೊಂದಾಗಿ ಮತ್ತೆ ಜೋಡಿಸಿದೆ. ಬೇರೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ.

ಶನಿವಾರ ಇಲ್ಲಿ ಮಧ್ಯಾಹ್ನ ಕಳೆದ ಮೇಲೆ ಶ್ವೇತಭವನದವರು ಸ್ಪಷ್ಟ ಮಾಡಿದರು. ಹೊಸ ಅರ್ಜಿಗಳಿಗೆ ಮಾತ್ರ, ಒಂದೇ ಸಲ ಕಟ್ಟುವ ಶುಲ್ಕ, ಈಗಾಗಲೇ ವೀಸಾ ಇರುವವರು ಹೋಗಿ ಬರಬಹುದು. ಮೈಸೂರಿನಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. ನಾನು ಫೋನ್ ಮಾಡಿ ಹೇಳಿದೆ. ಅವರು ಮಲಗಿಯೇ ಇರಲಿಲ್ಲ. ಬೆಳಗ್ಗೆ ಕಾವೇರಿಯಲ್ಲಿ ಮುಳುಗೆದ್ದು ಪಿಂಡ ಇಟ್ಟರು. ಒಂಬತ್ತೂವರೆ ಹೊತ್ತಿಗೆ ಸರಿಯಾಗಿ ಎಳ್ಳು ನೀರು ಬಿಡುತ್ತಿದ್ದರಂತೆ. ಮುಂದಿನ ವಾರ ವಾಪಸ್ ಬಂದರು. ಏರ್‌ಪೋರ್ಟಿನಲ್ಲಿ ಆಫೀಸರ್ ಎರಡೇ ಪ್ರಶ್ನೆ ಕೇಳಿ ಬಿಟ್ಟರಂತೆ.

ಆ ಒಂದು ದಿನದಲ್ಲಿ ನನಗೆ ಒಂದು ತಪ್ಪು ಕಂಡಿತು. ಅವರ ಮೂಲ ಕಾಗದ ಇಲ್ಲಿ ಚೀಲದಲ್ಲಿ, ಅವರು ಅಲ್ಲಿ. ಚೀಲ ಅಂದರೆ ಎಲ್ಲಾ ಒಂದೇ ಕಡೆ ಅನ್ನುವುದು ಒಳ್ಳೇದು, ಅದೇ ತೊಂದರೆಯೂ ಹೌದು. ಈಗ ಪ್ರಯಾಣಕ್ಕೆ ಅಂತ ಒಂದು ತೆಳ್ಳನೆಯ ಚೀಲ ಬೇರೆ ತಂದಿದ್ದೇನೆ. ಇನ್ನೊಂದು ವಿಷಯ. ಪೌರರಲ್ಲದ 18 ದಾಟಿದವರು ನೋಂದಣಿ ಕಾಗದ ಸದಾ ಹತ್ತಿರ ಇಟ್ಟುಕೊಂಡಿರಬೇಕು ಅನ್ನುವುದು ಇಲ್ಲಿಯ ಹಳೇ ಕಾನೂನು, 2025ರಲ್ಲಿ ಅದನ್ನು ಬಿಗಿ ಮಾಡಿದರು. ಹಾಗಾಗಿ ದೇಶದೊಳಗೆ ಬಂದದ್ದರ ದಾಖಲೆಯಾದ ಐ-94ರ ಪ್ರಿಂಟ್ ನಮ್ಮಿಬ್ಬರ ಪರ್ಸಿನಲ್ಲೂ ಇದೆ. ಎಲ್ಲವನ್ನೂ ಚೀಲದಲ್ಲಿ ಹಾಕಿ ಬೀಗ ಹಾಕಿದರೆ ಆಗಲ್ಲ.

ಮಗಳಿಗೆ ಈಗ 15. ಬೇಸಿಗೆಯಲ್ಲಿ ಡ್ರೈವಿಂಗ್ ಕಲಿಯುವ ಲೈಸೆನ್ಸ್ ಸಿಕ್ಕಿತು. ಟೆಕ್ಸಸ್‌ನಲ್ಲಿ ನಮ್ಮಂಥವರ ಕಾರ್ಡಿನ ಮೇಲೆ ‘ಲಿಮಿಟೆಡ್ ಟರ್ಮ್’ ಅಂತ ಅಚ್ಚಾಗಿರುತ್ತದೆ. ಅವಳು ಅದನ್ನು ಊಟದ ಮೇಜಿನ ಮೇಲಿಟ್ಟು, “ಅಮ್ಮ, ತಮ್ಮನ ಕಾರ್ಡಿಗೂ ಹೀಗೆ ಬರುತ್ತಾ?” ಅಂದಳು. ಇಲ್ಲ ಪುಟ್ಟಿ ಅಂದೆ. ಅವಳು ಸುಮ್ನೆ ತಲೆ ಆಡಿಸಿದಳು. ತಮ್ಮನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಮುಂದಿನ ಜೇಬಿನಲ್ಲಿ ಅವರಿಬ್ಬರ ಪಾಸ್‌ಪೋರ್ಟ್ ಒಂದರ ಪಕ್ಕ ಒಂದು ಇವೆ. ಒಂದು ಅಮೆರಿಕದ್ದು, ಒಂದು ಭಾರತದ್ದು. ಎರಡೂ ಕಡುನೀಲಿ. ಜೇಬಿನ ಅರೆಗತ್ತಲಲ್ಲಿ ಯಾವುದು ಯಾರದ್ದು ಅಂತ ಗೊತ್ತಾಗಲ್ಲ, ತೆಗೆದು ನೋಡಬೇಕು. 2025ರ ಅಕ್ಟೋಬರ್‌ನಲ್ಲಿ ಇಬಿ-2 ಸಾಲು 2013ರ ಏಪ್ರಿಲ್‌ಗೆ ಬಂದಿತ್ತು. ನಾನು ಪ್ರತಿ ತಿಂಗಳು ನೋಡುತ್ತೇನೆ. ಅವಳೂ ನೋಡುತ್ತಾಳೆ ಅಂತ ಮೊನ್ನೆ ಗೊತ್ತಾಯಿತು.

ಐದಕ್ಕೆ ನಾನು ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಅಳತೆಗೆ ಮತ್ತು ಬೀಗಕ್ಕೆ. ತಗೊಳ್ಳುವವರು ದಯವಿಟ್ಟು 14 ಇಂಚಿನದ್ದು ತಗೋಬೇಡಿ. 17 ಇಂಚಿನದ್ದು ಸಿಗುತ್ತದೆ, ಹತ್ತು ಡಾಲರ್ ಜಾಸ್ತಿ. ಅದರಲ್ಲಿ ಛಾಪಾ ಕಾಗದ ಮಡಚದೆ ಕೂರುತ್ತದೆ, ಘಟಿಕೋತ್ಸವದ ಪ್ರಮಾಣಪತ್ರವೂ ಹಿಡಿಯುತ್ತದೆ. ಖಾನೆಗಳ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನಲ್ಲಿ ಬೇಡ, ಬದಲಾಯಿಸಬೇಕಾಗುತ್ತದೆ. ಜೊತೆಗೆ ತೇವ ಹೀರುವ ಪುಡಿಯ ಪೊಟ್ಟಣ ಎರಡು ಹಾಕಿ. ನಾನು ಒಂದು ನುಸಿಗುಳಿಗೆಯನ್ನೂ ಹಾಕಿದ್ದೇನೆ. ದೊಡ್ಡ ಚೀಲ ನಿನ್ನೆ ಬಂದಿದೆ. ಈ ಶನಿವಾರ ದೊಡ್ಡಮ್ಮನ ಕಾಗದವನ್ನು ಬಿಡಿಸಿ, ಎರಡು ದಪ್ಪ ಪುಸ್ತಕದ ನಡುವೆ ಇಟ್ಟು, ಮಡಿಕೆ ಸ್ವಲ್ಪ ಹೋದ ಮೇಲೆ ಅದರಲ್ಲಿ ಹಾಕಬೇಕು.